ಹಂಡೆ ಕೊಟ್ಟು ತಂದ ಪೆಟ್ಟಿಗೆ

ಬೆಳಿಗ್ಗೆ ಎದ್ದ ಕೂಡಲೇ ಆಯಿ, ಅಂದರೆ ನಮ್ಮ ಅಮ್ಮ, ಮಾಡುತ್ತಿದ್ದ ಮೊದಲ ಕೆಲಸ ದೇವರಿಗೆ ಕೈ ಮುಗಿಯುವುದಲ್ಲ, ಮನೆಯ ಸಾಮಾನಿನ ಮೇಲೆ ಒಮ್ಮೆ ಕಣ್ಣಾಡಿಸುವುದು. ಗೋಡೆಯ ಗಡಿಯಾರ ಇದೆಯೋ, ಬಾಗಿಲ ಮೂಲೆಯ ತಾಮ್ರದ ಕೊಡ ಇದೆಯೋ, ಜಗಲಿಯ ಬೆಂಚು ಇದೆಯೋ ಎಂದು ನೋಡಿಕೊಂಡ ಮೇಲೆಯೇ ಒಲೆಗೆ ಬೆಂಕಿ. ಕಳ್ಳರ ಕಾಟ ಎಂದುಕೊಳ್ಳಬೇಡಿ. ಕಳ್ಳ ಬಂದರೆ ಕೂಗಬಹುದು, ನಾಲ್ಕು ಜನ ಓಡಿ ಬರುತ್ತಾರೆ. ನಮ್ಮ ಮನೆಯ ಸಾಮಾನು ಹೊರಗೆ ಹೋಗುತ್ತಿದ್ದದ್ದು ಮನೆಯ ಯಜಮಾನನ ಕೈಯಲ್ಲೇ. ಹಾಡಹಗಲಲ್ಲೇ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ಹೋಗುತ್ತಿದ್ದ. ಅದಕ್ಕೆ ಕೂಗಿ ಪ್ರಯೋಜನವಿರಲಿಲ್ಲ.

ಅಪ್ಪನಿಗೆ ಹೊನ್ನಾವರದ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇತ್ತು. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಮೇಜು, ಮೇಜಿನ ತುಂಬ ಹೊಟ್ಟೆ ಬಿಚ್ಚಿಕೊಂಡ ಜನರ ರೇಡಿಯೊಗಳು. ಕೈಯಲ್ಲಿ ಕಸುಬು ಚೆನ್ನಾಗಿತ್ತು, ನಮ್ಮ ಊಟಕ್ಕೆ ತೊಂದರೆಯಾಗಬೇಕಾಗಿರಲಿಲ್ಲ. ಆದರೆ ಅವನ ಜೀವ ಅಂಗಡಿಯಲ್ಲಿ ಇರಲಿಲ್ಲ. ಮನೆಯ ನಡುಕೋಣೆಯಲ್ಲಿ ಅವನದು ಬೇರೆಯೇ ರೇಡಿಯೊ ಇತ್ತು. ಹಾಡು ಕೇಳುವ ರೇಡಿಯೊ ಅಲ್ಲ ಅದು. ಇಲ್ಲಿಂದ ನಾವು ಮಾತಾಡಿದರೆ ಮತ್ತೆಲ್ಲೋ ಕುಳಿತ ಒಬ್ಬನಿಗೆ ಕೇಳುತ್ತದೆ, ಅವನು ಉತ್ತರ ಕೊಡುತ್ತಾನೆ. ಅದಕ್ಕೆ ಹ್ಯಾಮ್ ರೇಡಿಯೊ ಎನ್ನುತ್ತಾರೆ. ಸರಕಾರದ ಪರೀಕ್ಷೆ ಕಟ್ಟಿ ಪರವಾನಗಿ ತೆಗೆದುಕೊಳ್ಳಬೇಕು. ಅಪ್ಪ ತೆಗೆದುಕೊಂಡಿದ್ದ. ಅವನಿಗೆ ಇದನ್ನು ಕಲಿಸಿದವರು ಕುಮಟೆಯ ಒಬ್ಬ ಮುದುಕರು. ಹಡಗಿನಲ್ಲಿ ವೈರ್‌ಲೆಸ್ ಕೆಲಸ ಮಾಡಿ ನಿವೃತ್ತರಾಗಿ ಊರಿಗೆ ಬಂದವರು. ಅಪ್ಪ ಅವರನ್ನು ಮಾಸ್ತರು ಎನ್ನುತ್ತಿದ್ದ, ನಾವೂ ಹಾಗೇ ಅಂದೆವು.

ನಡುಕೋಣೆಗೆ ಇದ್ದದ್ದು ಒಂದೇ ಕಿಟಕಿ. ಅದರಲ್ಲಿ ಏರಿಯಲ್ ತಂತಿ ಒಳಗೆ ಬಂದಿತ್ತು. ಆದ್ದರಿಂದ ಆ ಕಿಟಕಿಯನ್ನು ಯಾವತ್ತೂ ಮುಚ್ಚುವಂತಿಲ್ಲ. ಆ ದಾರಿಯಿಂದ ಪಕ್ಕದ ಮನೆಯ ಬೆಕ್ಕು ಬಂದು ನಮ್ಮ ಬಂಗಡೆ ಮೀನು ತಿಂದು ಹೋಗುತ್ತಿತ್ತು. ಆಯಿ ಬೆಕ್ಕಿಗೆ ಬೈಯುತ್ತಿರಲಿಲ್ಲ, ತಂತಿಗೆ ಬೈಯುತ್ತಿದ್ದಳು. ಅಪ್ಪ ಊಟಕ್ಕೆ ಬಾ ಎಂದರೆ ಬರುತ್ತಿರಲಿಲ್ಲ. ತಟ್ಟೆಯನ್ನು ಅಲ್ಲಿಗೇ ಕೊಂಡುಹೋಗಬೇಕು. ಬಲಗೈಯಲ್ಲಿ ಅನ್ನ ಕಲಸುತ್ತ ಎಡಗೈಯಲ್ಲಿ ಗುಂಡಿ ತಿರುಗಿಸುತ್ತ ಕೂರುತ್ತಿದ್ದ. ಸಾರು ಹಾಕಿದೆಯೋ ಮಜ್ಜಿಗೆ ಹಾಕಿದೆಯೋ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಆಯಿ ಸಿಟ್ಟಿಗೆದ್ದು ಬರೀ ಬಿಸಿನೀರು ಹಾಕಿದಳು. ಅದನ್ನೂ ಉಂಡು ಕೈ ತೊಳೆದ.

ಮಾತಾಡುವ ಚಟ ಇದ್ದರೆ ಸಹಿಸಬಹುದಿತ್ತು. ಅಪ್ಪನದು ಮಾತಿನ ಚಟಕ್ಕಿಂತ ಪೆಟ್ಟಿಗೆಯ ಚಟ. ಮಾತು ಹಿಡಿಯುವ ರಿಸೀವರ್ ಒಂದು ಬಂದರೆ ಅದರಲ್ಲಿ ಒಬ್ಬನ ಮಾತು ಕೇಳುತ್ತಾನೆ. ಅವನ ಹತ್ತಿರ ಇರುವುದು ಇದಕ್ಕಿಂತ ಒಳ್ಳೆಯದು ಎಂದು ತಿಳಿಯುತ್ತದೆ. ಅಲ್ಲಿಗೆ ನಿದ್ದೆ ಹೋಯಿತು. ಇದ್ದದ್ದನ್ನು ಕೊಟ್ಟು ಅದನ್ನು ತರಬೇಕು. ಇದ್ದದ್ದು ಸಾಲದಿದ್ದರೆ ಮೇಲಿಂದ ಮನೆಯ ಸಾಮಾನು. ಕಾಸು ಕೇಳುವುದು ಈ ಹ್ಯಾಮ್ ರೇಡಿಯೊದವರಲ್ಲಿ ಹೀನಾಯ. ವಸ್ತುವಿಗೆ ವಸ್ತು. ಅವರಲ್ಲಿ ಇನ್ನೊಂದು ಪದ್ಧತಿ ಇತ್ತು. ತೆಗೆದುಕೊಂಡವನ ಮನಸ್ಸು ಒಪ್ಪದಿದ್ದರೆ ವಾಪಸು ತಂದು ಇಡಬಹುದು. ಕೊಟ್ಟವನು ಯಾಕೆ ಎಂದು ಕೇಳದೆ ಅವನ ವಸ್ತುವನ್ನು ಅವನಿಗೆ ತಿರುಗಿ ಕೊಡಬೇಕು. ಈ ಪದ್ಧತಿಯ ಮೇಲೆ ಅಪ್ಪನಿಗೆ ದೇವರ ಮೇಲಿದ್ದಷ್ಟು ನಂಬಿಕೆ. ಹಾಗಾಗಿ ಯಾವ ವಸ್ತು ಹೋದರೂ ಅವನ ಲೆಕ್ಕದಲ್ಲಿ ಅದು ಹೋದದ್ದಲ್ಲ, ಸ್ವಲ್ಪ ಕಾಲ ಬೇರೆಯವರ ಮನೆಯಲ್ಲಿ ಇರುವುದು. ಗಡಿಯಾರ ಹೋದ ದಿನ ಆಯಿ ಗೋಡೆಯ ಬಿಳಿ ಗುರುತನ್ನು ನೋಡಿಕೊಂಡು ನಿಂತು ಕೇಳಿದಳು.

"ಹೋಯ್, ಗಂಟೆ ಎಷ್ಟಾತು?"

"ಎಂತಕ್ಕೆ? ನೀ ಎಂತ ಕಚೇರಿಗೆ ಹೋಗ್ತ್ಯಾ?" ಎಂದ ಅಪ್ಪ, ತಲೆ ಎತ್ತದೆ.

ಆಯಿಯ ತವರು ಶಿರಾಲಿ. ಅಜ್ಜಿ ಸತ್ತ ಮೇಲೆ ಅಲ್ಲಿ ಮಾವನದು, ಅತ್ತೆಯದು ರಾಜ್ಯ. ಅಲ್ಲಿಂದ ಆಯಿಗೆ ಬಂದ ಒಂದೇ ಆಸ್ತಿ ಅಜ್ಜಿಯ ತಾಮ್ರದ ಹಂಡೆ. ನಮ್ಮ ಬಚ್ಚಲು ಮನೆಯ ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ್ದರು. ಹೊರಗೆ ಕರಿ ಹಿಡಿದಿತ್ತು, ಬಾಯಿಯ ಅಂಚು ಮಾತ್ರ ಹುಣಿಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಕೆಂಪಗೆ ಹೊಳೆಯುತ್ತಿತ್ತು. ನಮ್ಮ ಕಡೆ ಬಾಣಂತಿಗೆ ಹಂಡೆನೀರು ಎಂದರೆ ಅರ್ಧ ಔಷಧ. ಮೈಗೆ ಎಣ್ಣೆ ತಿಕ್ಕಿ, ಸುಡುಸುಡು ನೀರನ್ನು ತಂಬಿಗೆಯಲ್ಲಿ ಎತ್ತೆತ್ತಿ ಸೊಂಟಕ್ಕೆ ಹೊಡೆಯಬೇಕು. ಹಂಡೆ ತುಂಬ ನೀರು ಖಾಲಿಯಾಗುವ ತನಕ ಬಿಡಬಾರದು. ನಾನು ಹುಟ್ಟಿದಾಗ ಆಯಿಗೆ ಅಜ್ಜಿ ಇದೇ ಹಂಡೆಯ ನೀರು ಹೊಡೆದದ್ದು. ನಾನು ಹತ್ತು ವರ್ಷದವಳಾದಾಗ ಆಯಿ ಮತ್ತೆ ಬಸುರಿಯಾದಳು. ನಡುವೆ ಎರಡು ನಿಲ್ಲಲಿಲ್ಲ. ಆದ್ದರಿಂದ ಈ ಸಲ ಅವಳಿಗೆ ಹೆದರಿಕೆ ಇತ್ತು. ಹೆದರಿಕೆ ಎಂದು ಹೇಳಿಕೊಳ್ಳುವ ಹೆಂಗಸಲ್ಲ ಅವಳು. ಕಾಳುಮೆಣಸು, ಬೆಳ್ಳುಳ್ಳಿ, ಹಳೆ ಬಟ್ಟೆ, ಒಣಗಿದ ತೆಂಗಿನಗರಿ ಎಲ್ಲವನ್ನೂ ಮುಂಚಿತವಾಗಿ ಒಟ್ಟು ಮಾಡುತ್ತ ಬಂದಳು. ಬಾಣಂತನಕ್ಕೆ ಕರೆಯುವವರು ಇಲ್ಲ, ಮನೆಯಲ್ಲೇ ಆಗಬೇಕು.

ಮಾವನ ಮನೆಯಲ್ಲಿ ಏನೋ ಪೂಜೆ ಇತ್ತು. ನಾನು, ಆಯಿ ಲಾಂಚಿನಲ್ಲಿ ಶರಾವತಿ ದಾಟಿ ಶಿರಾಲಿಗೆ ಹೋಗಿ ಮಾರನೇ ದಿನ ಬಂದೆವು. ಬಂದವಳೇ ಕಾಲು ತೊಳೆಯಲು ಆಯಿ ಬಚ್ಚಲಿಗೆ ಹೋದಳು. ಹೋದವಳು ಹೊರಗೆ ಬರಲೇ ಇಲ್ಲ. ನಾನು ಹೋಗಿ ನೋಡಿದರೆ ಒಲೆಯ ಮುಂದೆ ನಿಂತಿದ್ದಾಳೆ. ಹಂಡೆ ಇದ್ದ ಜಾಗದಲ್ಲಿ ಒಂದು ಸೀಮೆಎಣ್ಣೆ ಡಬ್ಬಿ ಕೂತಿದೆ. ಸುತ್ತ ಹೊಸ ಮಣ್ಣು ಮೆತ್ತಿ ನುಣ್ಣಗೆ ಸಾರಿಸಿದೆ. ಅಪ್ಪ ಹಿಂದಿನಿಂದ ಬಂದು, ಒಲೆ ಕಟ್ಟಿದ ಚೆಂದವನ್ನು ನಾವು ಹೊಗಳಲಿ ಎಂಬಂತೆ ನಿಂತ.

"ಹಂಡೆ ಎಲ್ಲಿ?"

"ಎಲ್ಲೂ ಹೋಗ್ಲಿಲ್ಲ. ಕುಮಟೆಲಿ ಅದೆ, ಮಾಸ್ತರ ಮನೆಲಿ."

"ಮಾಸ್ತರಿಗೆ ಹಂಡೆ ಎಂತಕ್ಕೆ? ಅದ್ರೊಳಗೂ ಮಾತು ಕೇಳ್ತದಾ?"

"ಮಾಸ್ತರಿಗಲ್ಲ, ಅವರ ಹೆಂಡ್ತಿಗೆ. ಅವರ ರಿಸೀವರ್ ಕೊಡ್ತೆ ಅಂದ್ರು. ಮಿಲಿಟರಿದು, ಅಂಥದ್ದು ಈ ಜಿಲ್ಲೆಲೇ ಇಲ್ಲ. ಹೆಂಡ್ತಿ ಹಂಡೆ ಬಂದ್ರೆ ಮಾತ್ರ ಪೆಟ್ಟಿಗೆ ಹೊರಗೆ ಬಿಡ್ತೆ ಅಂದ್ಲು."

"ನಾ ಬಾಣಂತಿ ಆಗೂಕೆ ಎಷ್ಟು ದಿನ ಅದೆ ಅಂತ ಗೊತ್ತಿದ್ಯಾ ನಿಮಗೆ?"

"ಗೊತ್ತಿದ್ದೇ ಕೊಟ್ಟದ್ದು ಮಾರಾಯ್ತಿ. ಅಷ್ಟರೊಳಗೆ ವಾಪಸ್ ತರ್ತೆ. ಕೇಳಿದ್ರೆ ಕೊಡೂಕೇ ಬೇಕು, ನಮ್ಮ ಪದ್ಧತಿ."

ಆಯಿ ಡಬ್ಬಿಯನ್ನು ಕಾಲಿನಲ್ಲಿ ಒದ್ದಳು. ಮಣ್ಣು ಇನ್ನೂ ಹಸಿ, ಡಬ್ಬಿ ವಾಲಿತು. ಅಪ್ಪ ಮೊಣಕಾಲೂರಿ ಕೂತು ಅದನ್ನು ಮತ್ತೆ ನೆಟ್ಟಗೆ ಮಾಡಿದ. ನಡುಕೋಣೆಯಲ್ಲಿ ಆ ಹೊಸ ಪೆಟ್ಟಿಗೆ ಕೂತಿತ್ತು. ಹಸಿರು ಬಣ್ಣದ ಕಬ್ಬಿಣ, ಎರಡು ಆಳು ಎತ್ತಬೇಕು. ಮುಂದೆ ಹಲ್ಲಿನ ಸಾಲಿನಂತೆ ಗುಂಡಿಗಳು. ಗುಂಡಿ ತಿರುವಿ ಒಳಗಿನ ಗಾಜಿನ ವಾಲ್ವು ಬಿಸಿಯಾದರೆ ಕಾದ ಧೂಳಿನ ವಾಸನೆ ಬರುತ್ತಿತ್ತು. ನಾನು ಸುಳ್ಳು ಹೇಳುವುದಿಲ್ಲ, ಅದು ನೋಡಲು ಚೆನ್ನಾಗಿತ್ತು. ಅದರ ಮುಂದೆ ಕೂತಾಗ ಮಾತ್ರ ಅಪ್ಪನ ಮುಖ ಮನುಷ್ಯರ ಮುಖದ ಹಾಗೆ ಕಾಣುತ್ತಿತ್ತು.

ಆಮೇಲೆ ಆಯಿ ದಿನಕ್ಕೊಮ್ಮೆ ಹಂಡೆ ಎನ್ನುವುದು, ಅಪ್ಪ ಬರುವ ವಾರ ಎನ್ನುವುದು. ಬರುವ ವಾರ ಬಂದರೆ, ಇನ್ನೂ ದಿನ ಅದೆಯಲ್ಲ ಎನ್ನುವುದು. ತಿಂಗಳು ತುಂಬುತ್ತ ಬಂತು. ಒಂದು ದಿನ ಅಪ್ಪ ಅಂಗಡಿಗೆ ಹೋದ ಮೇಲೆ ಆಯಿ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು, ದೇವಕಿ, ಬಾ ಎಂದಳು. ದೇವಕಿ ನಾನು. ಎಲ್ಲಿಗೆ ಎಂದು ಕೇಳಲಿಲ್ಲ. ಕುಮಟೆಯ ಬಸ್ಸು ಆಗ ಈಗಿನ ಹಾಗೆ ಅಲ್ಲ, ಮೈಯ ಎಲುಬು ಎಣಿಸಿಕೊಂಡು ಕೆಳಗಿಳಿಯಬೇಕು. ಕಂಡಕ್ಟರು ಆಯಿಯ ಹೊಟ್ಟೆ ನೋಡಿ ಡ್ರೈವರಿಗೆ, ಸಾವಕಾಶ ಬಿಡೋ, ಇಲ್ಲದಿದ್ರೆ ಒಂದು ಟಿಕೇಟು ಹೆಚ್ಚು ಹರಿಬೇಕಾಗ್ತದೆ ಎಂದ. ಬಸ್ಸಿನವರೆಲ್ಲ ನಕ್ಕರು. ಆಯಿ ನಗಲಿಲ್ಲ. ಮುಂದಿನ ಸೀಟಿನ ಕಬ್ಬಿಣವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದಳು.

ಮಾಸ್ತರ ಮನೆ ಸಮುದ್ರದ ಕಡೆಗೆ ಹೋಗುವ ಓಣಿಯಲ್ಲಿತ್ತು. ಅಂಗಳದಲ್ಲಿ ಅವರ ಹೆಂಡತಿ ಸುಭದ್ರಕ್ಕ ಚಾಪೆಯ ಮೇಲೆ ಮೆಣಸು ಒಣಗಿಸುತ್ತಿದ್ದರು. ಗಟ್ಟಿ ಹೆಂಗಸು. ಮಾಸ್ತರು ಜಗಲಿಯ ಖುರ್ಚಿಯಲ್ಲಿ ಗೋಡೆ ನೋಡಿಕೊಂಡು ಕೂತಿದ್ದರು. ಪೆಟ್ಟಿಗೆ ಇದ್ದ ಮೇಜು ಅವರ ಪಕ್ಕದಲ್ಲಿ ಖಾಲಿ ಇತ್ತು. ಅದರ ಮೇಲೆ ಅವರ ಬೆರಳು ತಾಳ ಹಾಕುತ್ತಿತ್ತು. ಇಬ್ಬರಲ್ಲಿ ಯಾರೂ ಕೂತುಕೋ ಎನ್ನುವ ಮೊದಲೇ ಆಯಿ ಶುರು ಮಾಡಿದಳು.

"ಸುಭದ್ರಕ್ಕ, ನಾ ನಮ್ಮ ಹಂಡೆ ತಕಂಡು ಹೋಗೂಕೆ ಬಂದೆ."

"ನಿಮ್ಮ ಹಂಡೆನಾ? ನಮ್ಮ ಪೆಟ್ಟಿಗೆ ಕೊಟ್ಟು ತಕಂಡದ್ದಲ್ದಾ ಅದು?"

"ಕೇಳಿದ್ರೆ ವಾಪಸ್ ಕೊಡ್ಬೇಕಂತೆ. ಅವರಲ್ಲಿ ಪದ್ಧತಿ ಅಂತೆ."

"ಅವರಲ್ಲಿ ಅಲ್ದಾ? ಹಂಗಾದ್ರೆ ಅವರ ಹತ್ರ ಕೇಳು, ಅಲ್ಲೇ ಕೂತಾರೆ. ಹಂಡೆ ತಕಂಡವಳು ನಾನು. ನನ್ನ ಹಂಡೆಯೂ ಹಿಂಗೇ ಒಂದು ದಿನ ಹೋತು, ಧಾರವಾಡದ ಯಾವನೋ ಒಬ್ಬನ ಮನೆಗೆ. ಪದ್ಧತಿ, ಪದ್ಧತಿ ಅಂತ ನಾನೂ ಕಾದೆ. ಬಂತಾ? ಈಗ ನನ್ನ ಮಗಳು ಒಳಗೆ ಬಾಣಂತಿ. ನಾ ಎಂತದ್ರಲ್ಲಿ ನೀರು ಕಾಸಲಿ, ಇವರ ಹೆಡ್‌ಫೋನಲ್ಲಾ?"

ಒಳಗಿನಿಂದ ಮಗುವಿನ ಅಳು ಕೇಳಿತು. ಹೌದು, ಸುಭದ್ರಕ್ಕನ ಮಗಳು ಇಂದಿರೆ ಹೆತ್ತು ತಿಂಗಳಾಗುತ್ತ ಬಂದಿತ್ತು. ಬಚ್ಚಲಿನ ಬಾಗಿಲು ತೆರೆದಿತ್ತು. ಅಲ್ಲಿ ಒಲೆಯ ಮೇಲೆ ನಮ್ಮ ಹಂಡೆ ಕೂತಿರುವುದು ಅಂಗಳಕ್ಕೇ ಕಾಣುತ್ತಿತ್ತು, ನೀರಿನ ಹಬೆ ಏಳುತ್ತಿತ್ತು. ಆಯಿ ಅದನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ಜಗಲಿಯ ಕಂಬ ಹಿಡಿದುಕೊಂಡು ಹಾಗೇ ಕುಸಿದು ಕೂತಳು. ಸೀರೆ ಒದ್ದೆಯಾಯಿತು. ಮಾಸ್ತರು ಖುರ್ಚಿಯಿಂದ ಎದ್ದು ಬಂದು ನನ್ನ ಹತ್ತಿರ ಬಗ್ಗಿದರು.

"ಮಗಾ, ಆ ರಿಸೀವರ್ ಈಗ ಹೆಂಗದೆ? ಎಡಗಡೆ ಗುಂಡಿ ಸ್ವಲ್ಪ ಜಾರ್ತಿತ್ತು, ಅಪ್ಪ ಸರಿ ಮಾಡಿದ್ನಾ?"

"ಈಗ ಆ ಸುದ್ದಿ ತೆಗೆದ್ರೆ ನಿಮ್ಮ ತಲೆ ಒಡಿತೆ!" ಎಂದು ಸುಭದ್ರಕ್ಕ ಮೆಣಸಿನ ಕೈಯನ್ನೇ ಎತ್ತಿದರು. "ಹೋಗಿ ಸೂಲಗಿತ್ತಿನ ಕರ್ಕಂಡು ಬನ್ನಿ. ಏ ಹುಡ್ಗಿ, ನೀ ಬಚ್ಚಲಿಗೆ ಹೋಗಿ ಬೆಂಕಿ ದೊಡ್ಡದು ಮಾಡು. ತುಂಬಿದ ಹೊಟ್ಟೆ ಹೊತ್ತು ಬಸ್ಸಲ್ಲಿ ಬಂದಾಳೆ, ತಾಮ್ರಕ್ಕೆ! ಗಂಡಸರಿಗೆ ಹುಚ್ಚು ಅಂದ್ರೆ ಇವಳಿಗೂ ಹುಚ್ಚು!"

ಬೇರೆಯವರ ಮನೆಯಲ್ಲಿ ಹೆರಬಾರದು ಎನ್ನುತ್ತಾರೆ. ಆಯಿ ಹೆತ್ತಳು. ಗಂಡು ಮಗು. ಇಂದಿರೆ ಮಲಗಿದ್ದ ಕತ್ತಲೆ ಕೋಣೆಯಲ್ಲೇ ಇನ್ನೊಂದು ಚಾಪೆ ಹಾಸಿದರು. ಹಂಡೆ ಕೊಡುವುದಿಲ್ಲ ಎಂದ ಸುಭದ್ರಕ್ಕ ಅದೇ ಹಂಡೆಯ ನೀರನ್ನು ಮೊದಲು ಮಗಳಿಗೆ, ಮತ್ತೆ ತುಂಬಿಸಿ ಕಾಯಿಸಿ ಆಯಿಗೆ ಹೊಡೆದರು. ಆಯಿ ನೋವಿಗೆ ಕೂಗಿದರೆ, ಕೂಗು, ಹಂಡೆ ನಿಂದೇ ಅಲ್ದಾ ಎನ್ನುತ್ತಿದ್ದರು. ಆ ಕೈಯ ನೀರು ಬಿದ್ದದ್ದಕ್ಕೇ ಆಯಿಯ ಸೊಂಟ ಸಾಯುವ ತನಕ ಗಟ್ಟಿ ಇತ್ತು. ಆದರೆ ಉಪಕಾರ ಬೇರೆ, ವಸ್ತು ಬೇರೆ. ಆಯಿ ಹೇಳಿದಳು, ಹೋಗುವಾಗ ಹಂಡೆ ನನ್ನ ಜೊತೆ ಬರಬೇಕು, ಹಂಡೆ ಇಲ್ಲದ ಮನೆಗೆ ನಾನು ಹೋಗುವುದಿಲ್ಲ ಎಂದು. ಸುಭದ್ರಕ್ಕ ಮನಸ್ಸಲ್ಲೇ ಲೆಕ್ಕ ಹಾಕಿದರು. ಇಂದಿರೆಯ ಬಾಣಂತನ ಮುಗಿಯುತ್ತ ಬಂದಿತ್ತು. ಹಂಡೆಯ ಅಗತ್ಯ ಅವರಿಗೆ ಇನ್ನು ಹೆಚ್ಚು ದಿನ ಇರಲಿಲ್ಲ. ಜಗಲಿಯ ಕಡೆ ನೋಡಿ ಸಣ್ಣ ದನಿಯಲ್ಲಿ ಹೇಳಿದರು.

"ಪೆಟ್ಟಿಗೆ ಇದ್ದಾಗ ಅದು ಮನೆಯಿಂದ ಹೋದ್ರೆ ಸಾಕು ಅಂತಿದ್ದೆ. ಹೋದ ಮೇಲೆ ಈ ಮನುಷ್ಯ ಉಣ್ಣೂದಿಲ್ಲ, ಜಗಳ ಆಡೂದಿಲ್ಲ. ಖಾಲಿ ಮೇಜು ಕುಟ್ತಾ ಕೂರ್ತಾರೆ. ನಿನ್ನ ಗಂಡ ಪೆಟ್ಟಿಗೆ ತಂದಿಡ್ಲಿ, ಹಂಡೆ ನಾನೇ ಬಸ್ಸಿಗೆ ಹಾಕ್ತೆ. ಬೇರೆ ಎಂತ ತಂದ್ರೂ ಬೇಡ. ಆ ಪೆಟ್ಟಿಗೆನೇ."

ಸುದ್ದಿ ತಿಳಿದು ಅಪ್ಪ ಬಂದ. ಮಗುವನ್ನು ನೋಡಿ ಅವನ ಕಣ್ಣಲ್ಲಿ ನೀರು ಬಂತು, ಅದನ್ನೂ ಹೇಳಬೇಕು. ಅಪ್ಪನ ಅಪ್ಪ, ನಮ್ಮ ಅಜ್ಜ, ಸಾಯುವಾಗ ಅವರ ಕೈ ಹಿಡಿದು ಅಪ್ಪ ಮಾತು ಕೊಟ್ಟಿದ್ದನಂತೆ, ಮೊದಲ ಗಂಡುಮಗುವಿಗೆ ನಿಮ್ಮದೇ ಹೆಸರು ಎಂದು. ಅಜ್ಜನ ಹೆಸರು ಮಂಜುನಾಥ. ನಡುವೆ ಹೋದ ಎರಡರ ಮೇಲೂ ಆ ಹೆಸರಿನ ಆಸೆ ಇಟ್ಟಿದ್ದ. ಹನ್ನೆರಡನೇ ದಿನ ತೊಟ್ಟಿಲಿಗೆ ಹಾಕುವಾಗ ತಾನೇ ಕಿವಿಯಲ್ಲಿ ಹೇಳಬೇಕು ಎಂದ. ಆಯಿ ಬಾಗಿಲ ಸಂದಿಯಿಂದ ಹೇಳಿದಳು:

"ಬನ್ನಿ. ಬರುವಾಗ ಪೆಟ್ಟಿಗೆ ತನ್ನಿ."

ಅಪ್ಪ ಆತು ಎಂದ. ಅವನಿಗೆ ಗಂಜಿ ಬೇಯಿಸಿ ಹಾಕಲು ನಾನು ಅವನ ಜೊತೆ ಹೊನ್ನಾವರಕ್ಕೆ ಬಂದೆ. ಹೊರಡುವಾಗ ಆಯಿ ನನ್ನನ್ನು ಹತ್ತಿರ ಕರೆದು, ಪೆಟ್ಟಿಗೆ ನೋಡಿಕೋ ಎಂದಳು. ಅಪ್ಪನನ್ನು ನೋಡಿಕೋ ಎನ್ನಲಿಲ್ಲ. ಆ ದಿನಗಳಲ್ಲಿ ನಾನು ಶಾಲೆಗೆ ಹೋಗಲಿಲ್ಲ, ಆಮೇಲೆ ಶಾಲೆ ತಾನೇ ಬಿಟ್ಟುಹೋಯಿತು. ಬೆಳಿಗ್ಗೆ ಎದ್ದು, ಆಯಿಯ ಹಾಗೆ, ಮೊದಲು ನಡುಕೋಣೆಗೆ ಹೋಗಿ ಪೆಟ್ಟಿಗೆ ಮುಟ್ಟಿ ನೋಡುತ್ತಿದ್ದೆ. ಅಪ್ಪ ಸಂಜೆ ಅಂಗಡಿ ಮುಚ್ಚಿ ಬಂದವನು ಅದರ ಮುಂದೆ ಕೂತರೆ ಮುಗಿಯಿತು. ಕೊಡಬೇಕಾದ ವಸ್ತು ಎಂದು ಅವನಿಗೆ ಗೊತ್ತಿತ್ತು. ಹಾಗಾಗಿ ಇನ್ನೂ ಹೆಚ್ಚು ಹೊತ್ತು ಕೂರುತ್ತಿದ್ದ. ನನಗೆ ಅವನ ಬಗ್ಗೆ ಕನಿಕರ ಹುಟ್ಟುತ್ತಿತ್ತು, ಆಮೇಲೆ ಬಂಗಡೆ ಸಾರು ಆರಿಹೋಗುವುದನ್ನು ನೋಡಿ ಸಿಟ್ಟು ಬರುತ್ತಿತ್ತು.

ತೊಟ್ಟಿಲ ದಿನ ಹತ್ತಿರ ಬಂದಾಗ ಭಟ್ಕಳದಿಂದ ಒಬ್ಬ ಸಾಹೇಬರು ಬಂದರು. ಬೊಂಬಾಯಿಯಲ್ಲಿ ವ್ಯಾಪಾರ ಮಾಡುತ್ತಿದ್ದವರು, ಅವರಿಗೂ ಇದೇ ಚಟ. ಬಿಳಿ ಟೊಪ್ಪಿ, ಅತ್ತರಿನ ವಾಸನೆ, ಕೈಯಲ್ಲಿ ನನಗೆ ಒಂದು ಪೊಟ್ಟಣ ಖರ್ಜೂರ. ಗಾಡಿಯವನ ಹತ್ತಿರ ಹೊರಿಸಿಕೊಂಡು ಮಾತು ಕಳಿಸುವ ಪೆಟ್ಟಿಗೆ, ಒಂದು ಟ್ರಾನ್ಸ್‌ಮೀಟರ್, ತಂದಿದ್ದರು. ಅಪ್ಪನ ಹತ್ತಿರ ಇದ್ದ ಟ್ರಾನ್ಸ್‌ಮೀಟರ್ ಅವನೇ ಬಿಸ್ಕತ್ತಿನ ಡಬ್ಬಿಯಲ್ಲಿ ಮಾಡಿಕೊಂಡದ್ದು. ಇದು ಪರದೇಶದ್ದು. ಕೊಟ್ಟರೆ ಬದಲಿಗೆ ಈ ಹಸಿರು ಪೆಟ್ಟಿಗೆ ಬೇಕು ಎಂದರು. ಅಪ್ಪ ಟ್ರಾನ್ಸ್‌ಮೀಟರಿನ ಮೇಲೆ ಕೈ ಆಡಿಸಿದ್ದನ್ನು ನೋಡಿದೆ. ಕುಮಟೆಯಲ್ಲಿ ಮಗುವಿನ ತಲೆಯ ಮೇಲೆ ಆಡಿಸಿದ್ದೂ ಹಾಗೇ. ಅವನು ಬಾಯಿ ತೆರೆಯುವ ಮೊದಲೇ ನಾನು ಹೋಗಿ ಹಸಿರು ಪೆಟ್ಟಿಗೆಯ ಮೇಲೆ ಹತ್ತಿ ಕೂತೆ.

"ಏಳು ಮಗಾ, ವಾಲ್ವ್ ಒಡೆತದೆ."

"ಏಳೂದಿಲ್ಲ."

"ನಾ ಹೇಳ್ತೆ ಕೇಳು. ಇದನ್ನ ಸಾಹೇಬ್ರಿಗೆ ಕೊಡೂದು, ಅವರದ್ದನ್ನ ಮಾಸ್ತರಿಗೆ ಕೊಟ್ಟು ಹಂಡೆ ತರೂದು. ಒಂದೇ ಅಲ್ದಾ?"

"ಅಲ್ಲ. ಈ ಪೆಟ್ಟಿಗೆನೇ ಬೇಕು ಅಂದಾರೆ ಸುಭದ್ರಕ್ಕ. ಇದು ಹೋಗದಿದ್ರೆ ಆಯಿ ಬರೂದಿಲ್ಲ."

ಅಪ್ಪ ನನ್ನ ತೋಳು ಹಿಡಿದು ಎಳೆದ. ಅವನು ನಮ್ಮನ್ನು ಹೊಡೆಯುವವನಲ್ಲ, ಅವತ್ತೂ ಹೊಡೆಯಲಿಲ್ಲ. ಆದರೆ ಆ ಹಿಡಿತದಲ್ಲಿ ನಾನು ಯಾರು ಎಂಬುದು ಅವನಿಗೆ ಮರೆತುಹೋಗಿತ್ತು. ಕಾಲನ್ನು ಪೆಟ್ಟಿಗೆಯ ಹಿಡಿಕೆಗೆ ಸಿಕ್ಕಿಸಿಕೊಂಡು ಕೂತೆ. ಹಿಡಿಕೆ ಚರ್ಮ ಕಿತ್ತು ರಕ್ತ ಬಂತು. ಸಾಹೇಬರು ಎದ್ದು ನಿಂತರು.

"ಅರೆ, ಛೋಡೋ ಭಾಯಿ. ಬೇಟಿ, ನಿನ್ನ ಆಯಿ ಎಲ್ಲಿ?"

"ಕುಮಟೆಲಿ. ಹಂಡೆ ಹತ್ರ."

ಅಪ್ಪ ತಲೆ ತಗ್ಗಿಸಿದ. ಸಾಹೇಬರು ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಗಾಡಿಯವನನ್ನು ಕರೆದು ಟ್ರಾನ್ಸ್‌ಮೀಟರ್ ಹೊರಿಸಿದರು. ಹೋಗುವಾಗ ಬಾಗಿಲಲ್ಲಿ ನಿಂತು ಅಪ್ಪನಿಗೆ, ನನ್ನ ಮನೆಯಲ್ಲಿಯೂ ಬೀವಿ ಇದ್ದಾಳೆ, ನಾನೂ ನಿನ್ನ ಹಾಗೇ, ನನಗೆ ಹೇಳಲು ಮುಖ ಇಲ್ಲ, ಆದರೂ ಹುಡುಗಿ ಕೂತಲ್ಲಿ ಕೂರಲಿ ಎಂದರು. ಅಪ್ಪ ಅವರ ಹಿಂದೆ ಓಣಿಯ ತುದಿಯವರೆಗೂ ಹೋದ. ತಿರುಗಿ ಬಂದು ನನ್ನ ಕಾಲಿಗೆ ಟಿಂಚರು ಹಚ್ಚಿದ. ಆ ದಿನದಿಂದ ಅಪ್ಪ ನನ್ನ ಹತ್ತಿರ ಏನು ಕೇಳುವುದಿದ್ದರೂ ಸ್ವಲ್ಪ ಅಳುಕಿ ಕೇಳುತ್ತಿದ್ದ. ನನಗೂ ಅದು ಬೇಡವೆನ್ನಿಸಲಿಲ್ಲ. ಮುಂದೆ ನನ್ನ ಗಂಡನೂ, ಮಕ್ಕಳೂ ಹಾಗೇ ಅಳುಕಿದರು. ಗಟ್ಟಿ ಹೆಂಗಸು ಎಂದು ನನಗೆ ಹೆಸರು ಬಂತು. ಅದು ಶುರುವಾದದ್ದು ಆ ಪೆಟ್ಟಿಗೆಯ ಮೇಲೆ.

ತೊಟ್ಟಿಲ ದಿನ ಅಪ್ಪ ಮಾತು ತಪ್ಪಲಿಲ್ಲ. ಒಬ್ಬ ಹಮಾಲಿಯನ್ನು ಕಟ್ಟಿಕೊಂಡು ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿದ. ಕುಮಟೆಯ ಅಂಗಳಕ್ಕೆ ನಾವು ಕಾಲಿಟ್ಟಾಗ ಮಾಸ್ತರು ಖುರ್ಚಿಯಿಂದ ಎದ್ದದ್ದನ್ನು ನೋಡಬೇಕಿತ್ತು. ಮುದುಕರು ಓಡಿದರು. ಒಳಗೆ ಸುಭದ್ರಕ್ಕ ತೊಟ್ಟಿಲಿಗೆ ಸೇವಂತಿಗೆ ಕಟ್ಟಿದ್ದರು, ಕಡಲೆ ಉಸಲಿ ಆಗಿತ್ತು, ನೆರೆಯ ಹೆಂಗಸರು ನಾಲ್ಕು ಜನ ಬಂದಿದ್ದರು. ಪಂಚಾಂಗ ನೋಡಿ ಹೊತ್ತು ಗೊತ್ತು ಮಾಡಿದ್ದರು. ಹೊತ್ತು ಇನ್ನೂ ಇತ್ತು. ಮಾಸ್ತರು, ಪೆಟ್ಟಿಗೆ ಬಸ್ಸಲ್ಲಿ ಕುಲುಕಿದೆ, ಸರಿ ಇದೆಯೋ ನೋಡಿಬಿಡುವ ಎಂದರು. ನೋಡುವುದಕ್ಕೆ ಏನು ಎಂದ ಅಪ್ಪ. ಇಬ್ಬರೂ ಅದನ್ನು ಮೇಜಿನ ಮೇಲೆ ಇಟ್ಟು ತಂತಿ ಸಿಕ್ಕಿಸಿದರು. ವಾಲ್ವು ಬಿಸಿಯಾಯಿತು. ಹೆಡ್‌ಫೋನು ಒಂದೇ. ಅದನ್ನು ಬಿಡಿಸಿ ಒಂದು ಕಿವಿ ಮಾಸ್ತರು, ಒಂದು ಕಿವಿ ಅಪ್ಪ ಇಟ್ಟುಕೊಂಡು, ತಲೆಗೆ ತಲೆ ತಾಗಿಸಿ ಕೂತರು. ಇನ್ನು ಮೇಲೆ ಇದು ತನ್ನ ಮನೆಯಲ್ಲಿ ಇರುವುದಿಲ್ಲ ಎಂದು ಅಪ್ಪನಿಗೆ ಗೊತ್ತು. ಮಾಸ್ತರಿಗೆ ಇದು ತಿರುಗಿ ಬಂತು ಎಂದು ಗೊತ್ತು. ಇಬ್ಬರೂ ಬಿಡುವಂತಿರಲಿಲ್ಲ.

ಹೊತ್ತಾಯಿತು. ಸುಭದ್ರಕ್ಕ ಕರೆದರು. ಅಪ್ಪ ಒಂದು ಬೆರಳು ಎತ್ತಿ, ಬಂದೆ ಎಂದು ಸನ್ನೆ ಮಾಡಿದ. ಮತ್ತೆ ಸ್ವಲ್ಪ ಹೊತ್ತಿಗೆ ಆಯಿ ನನ್ನನ್ನು ಕಳಿಸಿದಳು. ನಾನು ಅವನ ಭುಜ ಹಿಡಿದು ಅಲುಗಾಡಿಸಿದೆ. ಬಹಳ ದೂರದ ಒಬ್ಬ, ಸಮುದ್ರದ ಆಚೆಯವನು, ಯಾರಾದರೂ ಇದ್ದೀರಾ ಎಂದು ತನ್ನ ಕರೆಗುರುತನ್ನು, ಅಂದರೆ ಪರವಾನಗಿಯ ಹೆಸರನ್ನು, ತಾರಿನವರ ಟಿಕ್‌ಟಿಕ್ ಭಾಷೆಯಲ್ಲಿ 'ಕೀ' ಒತ್ತಿ ಒತ್ತಿ ಹೇಳುತ್ತಿದ್ದಾನಂತೆ. ಇಂಥವನು ಸಿಗುವುದು ಅಪರೂಪವಂತೆ. ಉತ್ತರ ಕೊಡಲು ಇಲ್ಲಿ ಟ್ರಾನ್ಸ್‌ಮೀಟರ್ ಕೂಡ ಇರಲಿಲ್ಲ. ಸುಮ್ಮನೆ ಕೇಳಬೇಕು, ಅಷ್ಟೆ. ಅಪ್ಪ ಕಣ್ಣು ಮುಚ್ಚಿಕೊಂಡು, ಶ್, ಈಗ ಬಂದೆ ಮಗಾ, ಈಗ ಬಂದೆ ಎಂದ. ನಾನು ಒಳಗೆ ಹೋಗಿ ಬರುವುದಿಲ್ಲ ಎಂದೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಒಬ್ಬಳು ಕಿಸಕ್ಕೆಂದಳು. ಹೊತ್ತು ಮೀರ್ತದೆ ಎಂದರು ಸುಭದ್ರಕ್ಕ. ಆಯಿ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಾಗಿಲ ಕಡೆ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೋ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನನ್ನು ಹತ್ತಿರ ಕೂರಿಸಿಕೊಂಡಳು.

"ದೇವಕಿ, ನೀ ಹೇಳು."

"ಎಂತ ಹೆಸರು ಆಯಿ?"

"ಶಿರಾಲಿ ಅಜ್ಜನ ಹೆಸರು."

ಸುಭದ್ರಕ್ಕ, ಏ, ಗಂಡನ ಅಪ್ಪನ ಹೆಸರು ಅಲ್ದಾ ಮೊದಲನೇ ಗಂಡಿಗೆ ಎಂದರು. ಆಯಿ ಅವರ ಮಾತು ಕೇಳಿಸದವಳ ಹಾಗೆ ಮಗುವಿನ ಕಿವಿಯ ಮೇಲಿನ ಬಟ್ಟೆ ಸರಿಸಿದಳು. ನಾನು ಬಗ್ಗಿ, ನಾರಾಯಣ, ನಾರಾಯಣ, ನಾರಾಯಣ ಎಂದೆ. ಮಗು ಆಕಳಿಸಿತು. ತೊಟ್ಟಿಲು ತೂಗಿದರು, ಹಾಡಿದರು, ಉಸಲಿ ಹಂಚಿದರು.

ಉಸಲಿಯ ವಾಸನೆಗೋ ಏನೋ ಅಪ್ಪ ಎದ್ದು ಬಂದ. ಒಂದು ಕಿವಿ ಕೆಂಪಾಗಿತ್ತು. ಮುಖದಲ್ಲಿ ನಗು. ಕೈ ಕಾಲು ತೊಳೆದುಕೊಂಡು ಬಂದು ತೊಟ್ಟಿಲ ಹತ್ತಿರ ಮಂಡಿಯೂರಿದ, ಮಗುವಿನ ಕಿವಿಗೆ ಬಾಯಿ ತಂದ.

"ಹೇಳಿ ಆತು," ಎಂದಳು ಆಯಿ.

"ಯಾರು ಹೇಳಿದ್ದು?"

"ಇವಳು."

ಅಪ್ಪ ನನ್ನನ್ನು ನೋಡಿದ. ಹೆಸರು ಏನು ಎಂದು ಕೇಳಿದ. ನಾನು ಹೇಳಿದೆ. ಮಂಡಿಯೂರಿದವನು ಹಾಗೇ ಇದ್ದ. ಆಮೇಲೆ ಆಯಿಯ ಕಡೆ ತಿರುಗಿ ಬಹಳ ಸಣ್ಣ ದನಿಯಲ್ಲಿ ಕೇಳಿದ:

"ವಾಪಸ್ ತಕಂಡು ಬೇರೆ ಇಡೂಕೆ ಆಗೂದಿಲ್ವಾ?"

ನಕ್ಕ ಹೆಂಗಸೂ ಆಗ ನಗಲಿಲ್ಲ. ಸುಭದ್ರಕ್ಕ ಎದ್ದು ಹೋಗಿ ಬಚ್ಚಲಿನಲ್ಲಿ ಹಂಡೆಯ ಸುತ್ತಲಿನ ಮಣ್ಣು ಒಡೆಯತೊಡಗಿದರು. ಆ ಸದ್ದು ಕೇಳಿ ಅಪ್ಪ ಎದ್ದ. ಹೋಗಿ ಅವರ ಕೈಯಿಂದ ಹಾರೆ ತೆಗೆದುಕೊಂಡು ತಾನೇ ಒಡೆದ, ಹಂಡೆಯನ್ನು ತಾನೇ ಹೊತ್ತು ಬಸ್ಸಿನವರೆಗೆ ತಂದ. ಅಂಗಿಯೆಲ್ಲ ಕರಿಯಾಯಿತು. ಮನೆಗೆ ಬಂದ ದಿನವೇ ಡಬ್ಬಿ ಕಿತ್ತು ಹಂಡೆ ಕೂರಿಸಿದ. ಆಯಿ ಉಳಿದ ಬಾಣಂತನವನ್ನು ನಮ್ಮ ಮನೆಯಲ್ಲೇ ಮುಗಿಸಿದಳು. ನೀರು ಕಾಯಿಸಿದ್ದು ನಾನು, ಹೊಡೆಯಲು ಓಣಿಯ ಒಬ್ಬ ಮುದುಕಿ ಬರುತ್ತಿದ್ದಳು. ಅಪ್ಪನ ಚಟ ಹೋಗಲಿಲ್ಲ, ಅಂಥದ್ದು ಹೋಗುವುದಿಲ್ಲ. ಮುಂದೆಯೂ ಪೆಟ್ಟಿಗೆಗಳು ಬಂದವು, ಹೋದವು, ಬೆಂಚು ಹೋಯಿತು, ಸೈಕಲ್ಲು ಹೋಯಿತು. ಬಚ್ಚಲಿಗೆ ಮಾತ್ರ ಕೈ ಹಾಕಲಿಲ್ಲ.

ತಮ್ಮ ಈಗ ಭಟ್ಕಳದ ಹತ್ತಿರದ ಬೆಳಕೆಯಲ್ಲಿ ಇದ್ದಾನೆ. ಅವನಿಗೂ ಮೊಮ್ಮಕ್ಕಳಾದವು. ಊರೆಲ್ಲ ಅವನನ್ನು ನಾರಾಯಣ ಎನ್ನುತ್ತದೆ. ಅಪ್ಪ ಅವನನ್ನು ಎತ್ತಿ ಆಡಿಸಿದ, ಹೆಗಲ ಮೇಲೆ ಕೂರಿಸಿಕೊಂಡು ಸಮುದ್ರಕ್ಕೆ ಕರೆದುಕೊಂಡು ಹೋದ, ವಾಲ್ವು ಹೇಗೆ ಹಾಕುವುದು ಎಂದು ಕಲಿಸಿದ. ಆದರೆ ಕರೆಯುವುದಿದ್ದರೆ, ಏ ಹುಡುಗಾ ಎಂದೇ ಕರೆದ. ಕೊನೆಯ ದಿನ ಆಸ್ಪತ್ರೆಯ ಮಂಚದ ಮೇಲೆ ಮಲಗಿದವನು ನನ್ನ ಹೆಸರು ಹೇಳಿದ, ಆಯಿಯ ಹೆಸರು ಹೇಳಿದ. ಅವನ ಕಾಲ ಬುಡದಲ್ಲಿ ನಿಂತ ತಮ್ಮನಿಗೆ ಕೈ ಎತ್ತಿ, ಏ ಹುಡುಗಾ, ಬಾ ಇಲ್ಲಿ ಎಂದ.